ಜರ್ಮನಿಯ ಕಾರ್ಖಾನೆಗೆ ಹೊಸದಾಗಿ ಸೇರಿರುವ ನಿಮಗೆ

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗದಲ್ಲಿ ನೀವು ನಡೆಸುತ್ತಿದ್ದಂಥ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳೇ ಸ್ಟುಟ್‌ಗಾರ್ಟ್ ಬಳಿಯ ನಿಮ್ಮ ಗೇರ್ ಕಾರ್ಖಾನೆಯಲ್ಲಿಯೂ ಇರುವಾಗ, ಇಷ್ಟು ಕಡಿಮೆ ಜನರಿಂದ ಅಷ್ಟೊಂದು ಕೆಲಸ ಹೇಗೆ ಸಾಗುತ್ತದೆ ಎಂದು ಕೇಳಿದ್ದೀರಿ. ಇಲ್ಲಿಯೇ ನೆಲೆಸಿ, ಇದೇ ಕಸುಬಿನಲ್ಲಿ ಬಹುಕಾಲ ದುಡಿದ ನನಗೆ ಕಂಡ ಮುಖ್ಯ ಕಾರಣ, ಯಂತ್ರದ ಮುಂದೆ ನಿಂತವರ ಓದು.

ಇಲ್ಲಿ ಇಂಡಸ್ಟ್ರಿಮೆಕಾನಿಕರ್, ಅಂದರೆ ಕಾರ್ಖಾನೆ ಯಂತ್ರಗಳ ಕುಶಲಕರ್ಮಿ, ಆಗಬೇಕಾದರೆ ಮೂರೂವರೆ ವರ್ಷದ ತರಬೇತಿಯಿದೆ. ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಯಲ್ಲಿ ಪಾಠ, ಉಳಿದ ದಿನ ಕಾರ್ಖಾನೆಯಲ್ಲಿ ಭತ್ಯೆಸಹಿತ ಕೆಲಸ. ಕೊನೆಯ ಪರೀಕ್ಷೆಯನ್ನು ಕಂಪನಿಯ ಬದಲು ಕೈಗಾರಿಕೆ ಮತ್ತು ವಾಣಿಜ್ಯ ಮಂಡಳಿ ನಡೆಸುವುದರಿಂದ ಆ ಪ್ರಮಾಣಪತ್ರಕ್ಕೆ ದೇಶದ ಉದ್ದಗಲಕ್ಕೂ ಒಂದೇ ಬೆಲೆ.

ಇನ್ನೊಂದು ಕಾರಣ ಹಂಚಿಕೊಂಡ ಸಂಶೋಧನೆ. ಮಧ್ಯಮ ಗಾತ್ರದ ಕಾರ್ಖಾನೆಗಳಿಗೆ ಸ್ವಂತ ಪ್ರಯೋಗಾಲಯದ ಖರ್ಚು ಭರಿಸುವುದು ಕಷ್ಟ. ಆದ್ದರಿಂದ ಮಾರುಕಟ್ಟೆಯಲ್ಲಿ ಪೈಪೋಟಿಗಿಳಿಯುವ ಗೇರ್ ತಯಾರಕರೇ ಎಫ್‌ವಿಎ ಎಂಬ ಸಂಘದಲ್ಲಿ ಒಟ್ಟುಗೂಡಿ, ಎಲ್ಲರಿಗೂ ಸಮಾನವಾದ ಸಮಸ್ಯೆಗಳನ್ನು ಮ್ಯೂನಿಕ್, ಆಖೆನ್ ಮುಂತಾದ ವಿಶ್ವವಿದ್ಯಾಲಯಗಳಿಗೆ ಒಪ್ಪಿಸುತ್ತಾರೆ. ಬಂದ ಫಲಿತಾಂಶವೂ ಎಲ್ಲ ಸದಸ್ಯರಿಗೆ ಸಿಗುತ್ತದೆ. 1949ರಲ್ಲಿ ಆರಂಭವಾದ, ಉದ್ಯಮಗಳಿಗೆ ಉಪಯುಕ್ತ ಸಂಶೋಧನೆ ನಡೆಸುವ ಫ್ರಾನ್‌ಹೋಫರ್ ಸಂಘದ ಸಂಸ್ಥೆಗಳೂ ಇಂಥದೇ ನೆರವು ನೀಡುತ್ತವೆ.

ಆದರೆ ವರದಿ ಕೈಗೆ ಬಂದ ಮಾತ್ರಕ್ಕೆ ಉತ್ಪಾದನೆ ಏರುವುದಿಲ್ಲ. ನಮ್ಮಲ್ಲಿ ಗ್ರೈಂಡಿಂಗ್ ಆದ ಕೆಲವು ಗೇರುಗಳ ಹಲ್ಲಿನ ಮೇಲ್ಮೈ ಶಾಖಕ್ಕೆ ಸುಟ್ಟು, ಆಸಿಡ್ ಪರೀಕ್ಷೆಯಲ್ಲಿ ಕಪ್ಪು ಕಲೆ ಕಾಣುತ್ತಿತ್ತು. ಕೂಲಂಟ್, ಅಂದರೆ ತಂಪುಗೊಳಿಸುವ ದ್ರವದ ಹರಿವನ್ನು ಕುರಿತ ಸಂಶೋಧನಾ ವರದಿಯೊಂದನ್ನು ಮೈಸ್ಟರ್ (ಉನ್ನತ ವೃತ್ತಿ ಪರೀಕ್ಷೆ ಪಾಸಾದ ಮೇಲ್ವಿಚಾರಕರು) ಯಂತ್ರದ ಬಳಿಗೇ ತಂದರು. ಆ ಯಂತ್ರ ನಡೆಸುತ್ತಿದ್ದ ಮಹಿಳೆ ಅದರಲ್ಲಿದ್ದ ಗ್ರಾಫನ್ನು ತಾವೇ ಓದಿ, ಒತ್ತಡ ಹೆಚ್ಚಿಸುವ ಮೊದಲು ನಾಜಲ್ ಗುರಿ ಸರಿಯಿದೆಯೇ ನೋಡೋಣ ಎಂದು ಅದನ್ನು ಗ್ರೈಂಡಿಂಗ್ ಕಲ್ಲು ಮತ್ತು ಗೇರಿನ ಹಲ್ಲು ಸಂಧಿಸುವ ಜಾಗಕ್ಕೆ ತಿರುಗಿಸಿದರು. ಕಲೆಗಳು ನಿಂತವು. ಎಂಜಿನಿಯರ್ ಬರುವವರೆಗೆ ಯಂತ್ರ ಸುಮ್ಮನೆ ನಿಲ್ಲಬೇಕಾಗಲಿಲ್ಲ. ಹೊರಗಿನ ಜ್ಞಾನವನ್ನು ಬಳಸಿಕೊಳ್ಳುವ ಶಕ್ತಿ ಸಂಸ್ಥೆಯೊಳಗೆ ಮೊದಲೇ ಇರುವ ತಿಳಿವಳಿಕೆಯನ್ನು ಅವಲಂಬಿಸಿದೆ ಎಂದು ಸಂಸ್ಥೆಗಳನ್ನು ಅಧ್ಯಯನ ಮಾಡಿದ ವಿದ್ವಾಂಸರಾದ ಕೋಹೆನ್ ಮತ್ತು ಲೆವಿಂಥಾಲ್ 1990ರಲ್ಲಿ ಬರೆದಿದ್ದರು. ಅವರ ಗಮನ ಹೆಚ್ಚಾಗಿ ಸಂಸ್ಥೆಗಳ ಸಂಶೋಧನಾ ವಿಭಾಗಗಳ ಮೇಲಿತ್ತು, ನಾನಾದರೋ ಆ ಮಾತನ್ನು ಶಾಪ್ ಫ್ಲೋರಿಗೂ ಅಷ್ಟೇ ಬಲವಾಗಿ ಅನ್ವಯಿಸುತ್ತೇನೆ.

ಆದ್ದರಿಂದ ನೀವು ಮೊದಲು ಜರ್ಮನ್ ಕಲಿಯಿರಿ, ಬರಿಯ ಮಾತಿಗಲ್ಲ, ವರದಿ ಓದುವಷ್ಟು. ನಿಮ್ಮ ಡಿಪ್ಲೊಮಾದ ಮಾನ್ಯತೆಗೆ 2012ರಿಂದ ಜಾರಿಯಲ್ಲಿರುವ ಕಾಯ್ದೆಯಡಿ ಅರ್ಜಿ ಹಾಕಿ. ಮುಂದೆ ಸಂಜೆ ತರಗತಿಗಳಲ್ಲಿ ಮೈಸ್ಟರ್ ಪರೀಕ್ಷೆಗೆ ಓದುವಾಗ ಆ ಮಾನ್ಯತಾ ಪತ್ರ ನಿಮ್ಮ ಕೈಯಲ್ಲಿರಬೇಕು.