ಹತ್ತೂವರೆಯೋ ಹನ್ನೊಂದೂವರೆಯೋ

ತಮ್ಮಾ,

ಜಮಖಂಡಿಯಿಂದ ಶಿಕಾಗೋಗೆ ಬಂದು ಮೂರು ವಾರ ಆಯಿತು, ಒಂದನೇ ತಾರೀಖಿಗೆ ಬಾಡಿಗೆ ಮನೆಯ ಕೀಲಿ ಸಿಗುತ್ತದೆ, ಅವತ್ತೇ ಅಮಾವಾಸ್ಯೆ, ಏನು ಮಾಡಲಿ ಕಾಕಾ ಅಂತ ಕೇಳಿದ್ದೀಯ. ಪಂಚಾಂಗ ಊರಿನದು ನೋಡಬೇಕೋ ಇಲ್ಲಿನದೋ, ರಾಹುಕಾಲ ಯಾವ ಗಡಿಯಾರದ್ದು ಅಂತಲೂ ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು: ಮನೆಯವಳಿಗೆ ಏಳು ತಿಂಗಳು, ಕೂಸು ಹುಟ್ಟಿದ ಕೂಡಲೇ ಟೈಮ್ ಕಳಿಸು ಅಂತ ಅವ್ವ ಈಗಿನಿಂದಲೇ ಗಂಟು ಬಿದ್ದಿದ್ದಾಳೆ. ನೀನು ಅದನ್ನು ಸುಮ್ನೆ ಬರೆದಿದ್ದೀಯ. ನನ್ನ ಕಣ್ಣು ಮಾತ್ರ ಅಲ್ಲೇ ನಿಂತಿತು. ಅದಕ್ಕೆ ಆಮೇಲೆ ಬರುತ್ತೇನೆ.

ಥಂಡಿ, ಕಾರು, ಲೈಸೆನ್ಸ್ ಬಗ್ಗೆ ಕೇಳಿದ್ದಕ್ಕೆ ಜಾಸ್ತಿ ಹೇಳುವುದಿಲ್ಲ. ಥಂಡಿ ಇರುತ್ತದೆ. ಕೋಟು ಇಲ್ಲೇ ತಗೋ, ಊರಿಂದ ತರಿಸಬೇಡ. ಮೊದಲ ಕಾರು ಹಳೆಯದೇ ಸಾಕು. ಉಳಿದದ್ದು ಆಫೀಸಿನವರು ಹೇಳುತ್ತಾರೆ.

ನಾನು ಬಂದದ್ದು 2004ರ ಫೆಬ್ರುವರಿಯಲ್ಲಿ. ವಿಜಯಪುರದಿಂದ ಮುಂಬೈಗೆ ಮಂಗಳವಾರ ಸಂಜೆ ಬಸ್ಸು, ಬುಧವಾರ ರಾತ್ರಿ ವಿಮಾನ. ಮಂಗಳವಾರ ಹೊರಡುವುದು ಅವ್ವನಿಗೆ ಬೇಡ. ಓಣಿಯ ಅಯ್ಯನವರು ಸೋಮವಾರ ಮುಂಜಾನೆ ಒಳ್ಳೆಯ ಹೊತ್ತು ಇದೆ ಅಂದರು. ಸರಿ, ಸೋಮವಾರ ಆ ಹೊತ್ತಿಗೆ ನನ್ನ ಒಂದು ಕೈಚೀಲ ಪಕ್ಕದ ಮನೆಗೆ ಹೋಯಿತು. ಒಳಗೆ ಒಂದು ಅಂಗಿ, ಒಂದು ಹಿಡಿ ಜೋಳ, ಎಲೆ ಅಡಿಕೆ. ಪ್ರಸ್ಥಾನ ಇಡುವುದು ನಿನಗೆ ಗೊತ್ತೇ ಇದೆ. ಮಂಗಳವಾರ ಹೊರಡುವಾಗ ಆ ಚೀಲ ಅಲ್ಲಿಂದಲೇ ಎತ್ತಿಕೊಂಡು ಹೋದೆ. ಅವ್ವನ ಲೆಕ್ಕದಲ್ಲಿ ನಾನು ಸೋಮವಾರವೇ ಊರು ಬಿಟ್ಟವನು. ಸೋಮವಾರ ಶೂಲೆ, ಅಂದರೆ ಅವತ್ತು ಹೋಗಬಾರದ ದಿಕ್ಕು, ಇರುವುದು ಪೂರ್ವಕ್ಕೆ, ಅಮೆರಿಕ ಇರುವುದು ಪಶ್ಚಿಮಕ್ಕೆ, ಚಿಂತೆ ಇಲ್ಲ ಅಂತ ಅಯ್ಯನವರೂ ಅಂದರು. ವಿಮಾನ ಉತ್ತರಕ್ಕೆ ಏರಿ ಸುತ್ತಿ ಹೋಗುತ್ತದೆ ಅಂತ ನಾನು ಬಾಯಿ ಬಿಡಲಿಲ್ಲ. ಮಂಗಳವಾರ ಬುಧವಾರ ಉತ್ತರಕ್ಕೇ ಶೂಲೆ ಅಲ್ವಾ!

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಹಿರಿಯರು ಪಂಚಾಂಗ ನೋಡುತ್ತಿದ್ದರು, ಆದರೆ ಅದಕ್ಕಾಗಿ ಬಸ್ಸು ತಪ್ಪಿಸಿಕೊಳ್ಳುತ್ತಿರಲಿಲ್ಲ. ಯಾವುದೂ ಕೂಡಿ ಬರಲಿಲ್ಲ ಅಂದರೆ ನಡುಹಗಲಿನ ಅಭಿಜಿತ್ ಮುಹೂರ್ತ ಅನ್ನುತ್ತಿದ್ದರು, ಬುಧವಾರ ಒಂದು ಬಿಟ್ಟು. ಅದೂ ಬೇಡ ಅಂದರೆ ಮೂರೂವರೆ ಮುಹೂರ್ತ ಇದ್ದೇ ಇದೆ: ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ, ಅರ್ಧಕ್ಕೆ ಬಲಿಪಾಡ್ಯಮಿ. ಅವತ್ತು ಯಾರನ್ನೂ ಕೇಳಬೇಕಾಗಿಲ್ಲ.

ನಿನ್ನ ಕೀಲಿಯ ಮಾತು. ಅಮಾವಾಸ್ಯೆ ಅಂದರೆ ಇಲ್ಲಿನ ಮೈಸೂರು ಕಡೆಯ ಗೆಳೆಯರು ಹೌಹಾರುತ್ತಾರೆ. ನಾವು ಯಾಕೆ ಹೆದರಬೇಕು? ನಮ್ಮಲ್ಲಿ ಅಂಗಡಿ ಪೂಜೆ ಆಗುವುದೇ ಅಮಾವಾಸ್ಯೆಗೆ. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ ಸಜ್ಜಿ ರೊಟ್ಟಿ ತಿಂದು ಬಂದವರು ನಾವು. ಒಂದನೇ ತಾರೀಖಿಗೆ ಕೀಲಿ ತಗೋ. ಬಾಡಿಗೆ ಅವತ್ತಿನಿಂದಲೇ ಓಡುತ್ತದೆ, ಅದು ನಿನ್ನ ನಕ್ಷತ್ರ ಕೇಳುವುದಿಲ್ಲ. ಮನಸ್ಸಿಗೆ ಕಸಿವಿಸಿ ಇದ್ದರೆ ಅವತ್ತು ಉಪ್ಪು ಅರಿಶಿನ ಒಳಗೆ ಇಟ್ಟು ಬಾ, ಹಾಲು ಉಕ್ಕಿಸುವುದನ್ನು ಎರಡು ದಿನ ಬಿಟ್ಟು ಮಾಡು. ಕರೆಂಟಿನ ಒಲೆಯ ಮೇಲೆ ಹಾಲು ಉಕ್ಕಲು ಹೊತ್ತು ಹಿಡಿಯುತ್ತದೆ, ಮುಹೂರ್ತಕ್ಕೆ ಹತ್ತು ನಿಮಿಷ ಮೊದಲೇ ಇಡು. ಚಾವಣಿಯಲ್ಲಿ ಹೊಗೆಯ ಗಂಟೆ ಇರುತ್ತದೆ, ಲೋಬಾನ ಹಾಕಬೇಡ. ನನ್ನ ಗೆಳೆಯನೊಬ್ಬ ಬಾಡಿಗೆ ಮನೆಯಲ್ಲಿ ಹೋಮ ಮಾಡಿಸಲು ಹೋದ. ಪೂರ್ಣಾಹುತಿಗೆ ಅಗ್ನಿಶಾಮಕದವರು ಬಂದರು.

ಇನ್ನು ಪಂಚಾಂಗ. ಊರಿಂದ ಗದಗಿನ ಶಾಬಾದಿಮಠ ಕ್ಯಾಲೆಂಡರ್ ತಂದಿದ್ದರೆ ಗೋಡೆಗೆ ಹಾಕು, ಚಂದ ಕಾಣುತ್ತದೆ. ಆದರೆ ಅದರ ತಿಥಿ ಇಲ್ಲಿಗೆ ಹಾಗೇ ನಡೆಯುವುದಿಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿದರೆ ಒಂದು ತಿಥಿ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಬೇರೆ ಬೇರೆ ಆಗುವುದು ನಮ್ಮ ಗಡಿಯಾರ, ನಮ್ಮ ಸೂರ್ಯೋದಯ. ಊರಲ್ಲಿ ಏಕಾದಶಿ ಸೋಮವಾರ ಸಂಜೆ 5ಕ್ಕೆ ಶುರುವಾಗಿ ಮಂಗಳವಾರ ಸಂಜೆ 4ಕ್ಕೆ ಮುಗಿಯುತ್ತದೆ ಅಂತ ಇಟ್ಟುಕೋ. ಮಂಗಳವಾರ ಸೂರ್ಯ ಹುಟ್ಟುವಾಗ ಏಕಾದಶಿ ಇದೆ, ಹಾಗಾಗಿ ಅಲ್ಲಿ ಮಂಗಳವಾರ ಉಪವಾಸ. ಇಲ್ಲಿ ಚಳಿಗಾಲದಲ್ಲಿ ನಾವು ಹನ್ನೊಂದೂವರೆ ತಾಸು ಹಿಂದೆ. ಅದೇ ಏಕಾದಶಿ ಸೋಮವಾರ ಬೆಳಗಿನ ಜಾವ 5:30ಕ್ಕೆ ಶುರುವಾಗಿ ಮಂಗಳವಾರ 4:30ಕ್ಕೇ ಮುಗಿದುಹೋಯಿತು. ಮಂಗಳವಾರ ಸೂರ್ಯ ಹುಟ್ಟುವಾಗ ದ್ವಾದಶಿ. ಇಲ್ಲಿ ಸೋಮವಾರವೇ ಉಪವಾಸ. ಅರೋರಾದ ಬಾಲಾಜಿ ಗುಡಿಯಲ್ಲಿ, ಲೆಮಾಂಟಿನ ರಾಮನ ಗುಡಿಯಲ್ಲಿ ಕೇಳಿದರೆ ಇಲ್ಲಿನ ಲೆಕ್ಕ ಹೇಳುತ್ತಾರೆ. ಹಬ್ಬಕ್ಕೆ ಅದನ್ನೇ ಹಿಡಿ. ಊರಲ್ಲೇನು ಎಲ್ಲ ಒಂದೇ ಇದೆಯೇ? ನಮ್ಮ ಮನೆಯಲ್ಲಿ ಗದಗಿನ ಕ್ಯಾಲೆಂಡರು, ಎದುರು ಮನೆಯಲ್ಲಿ ಸೋಲಾಪುರದ ದಾತೆ ಪಂಚಾಂಗ. ವರ್ಷಕ್ಕೊಮ್ಮೆಯಾದರೂ ಎರಡಕ್ಕೂ ಜಗಳ ಆಗುತ್ತಿತ್ತು.

ರಾಹುಕಾಲಕ್ಕೂ ಹಾಗೇ. ಸೋಮವಾರ ಏಳೂವರೆಯಿಂದ ಒಂಬತ್ತು ಅಂತ ನಾವು ಬಾಯಿಪಾಠ ಮಾಡಿದ್ದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ. ನಿಜವಾದ ಲೆಕ್ಕ ಹಗಲನ್ನು ಎಂಟು ಪಾಲು ಮಾಡುವುದು, ಸೋಮವಾರಕ್ಕೆ ಎರಡನೇ ಪಾಲು. ಜೂನ್‌ನಲ್ಲಿ ಇಲ್ಲಿ ಹಗಲು 15 ತಾಸಿನ ಮೇಲೆ, ಒಂದು ಪಾಲು ಸುಮಾರು 1 ತಾಸು 54 ನಿಮಿಷ. ಡಿಸೆಂಬರ್‌ನಲ್ಲಿ ಹಗಲೇ 9 ತಾಸು ಚಿಲ್ಲರೆ, ರಾಹುವಿಗೂ 1 ತಾಸು 8 ನಿಮಿಷ ಅಷ್ಟೇ ಸಿಗುತ್ತದೆ. ಚಳಿಗೆ ಅವನೂ ಬೇಗ ಮನೆ ಸೇರುತ್ತಾನೆ. ಫೋನಿನಲ್ಲಿ ಪಂಚಾಂಗ ಹಾಕಿಕೊಂಡರೆ ಮೊದಲು ಊರಿನ ಹೆಸರು ಶಿಕಾಗೋ ಅಂತ ಬದಲಿಸು. ಎಷ್ಟೋ ಜನ ಹತ್ತು ವರ್ಷದಿಂದ ಬೆಂಗಳೂರಿನ ರಾಹುಕಾಲ ನೋಡಿಕೊಂಡು ಇಲ್ಲಿ ಕಾರು ತೆಗೆಯುತ್ತಿದ್ದಾರೆ.

ಈಗ ಕೂಸಿನ ಟೈಮ್.

ನನ್ನ ಮಗಳು ಹುಟ್ಟಿದ್ದು ನವೆಂಬರ್‌ನಲ್ಲಿ, ಬಲಿಪಾಡ್ಯಮಿ ಆಗಿ ಮೂರು ದಿನಕ್ಕೆ, ನಡುರಾತ್ರಿ ದಾಟಿ ಎರಡೂವರೆಗೆ. ನಿದ್ದೆ ಇಲ್ಲ, ಕೈ ನಡುಗುತ್ತಿತ್ತು. ಆಸ್ಪತ್ರೆಯ ಮೂಲೆಯಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿದೆ. ಅಯ್ಯನವರು ಅವಳ ಪಕ್ಕದಲ್ಲೇ ಕೂತಿದ್ದರು. ಭಾರತದ ಟೈಮ್ ಎಷ್ಟು ಹೇಳಪ್ಪ ಅಂದರು. ನಮಗೂ ನಿಮಗೂ ಹತ್ತೂವರೆ ತಾಸು, ಹಾಗಾದರೆ ಮಧ್ಯಾಹ್ನ ಒಂದು ಅಂದೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ದಿನಾ ಹೇಳಿದ ಲೆಕ್ಕ, ಬಾಯಿಗೆ ಅದೇ ಬಂತು. ಆ ವಾರದ ಭಾನುವಾರವೇ ಇಲ್ಲಿ ಗಡಿಯಾರ ಒಂದು ತಾಸು ಹಿಂದೆ ಹೋಗಿತ್ತು. ಹತ್ತೂವರೆ ಹೋಗಿ ಹನ್ನೊಂದೂವರೆ ಆಗಿತ್ತು. ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಒಲೆಯ ಗಡಿಯಾರ ನಾನೇ ತಿರುಗಿಸಿದ್ದೆ.

ಅಯ್ಯನವರು ಲೆಕ್ಕ ಹಾಕಿದರು. ಮೂಲಾ ನಕ್ಷತ್ರ, ನಾಲ್ಕನೇ ಪಾದ. ನಾಲ್ಕನೇ ಪಾದಕ್ಕೆ ದೋಷವಿಲ್ಲ, ಒಳ್ಳೆಯದೇ ಅಂತ ಅವರು ಬಿಡಿಸಿ ಹೇಳಿದರು. ಕೇಳುವವರು ಯಾರು? ಮೂಲಾ ಹುಡುಗಿ ಮಾವನಿಗೆ ಆಗಿ ಬರುವುದಿಲ್ಲ ಅನ್ನುವುದು ನಮ್ಮ ಕಡೆ ಎಷ್ಟು ಆಳಕ್ಕೆ ಹೋಗಿದೆ ಅಂತ ನಿನಗೆ ನಾನು ಹೇಳಬೇಕೇ. "ಮೂಲಾ ಅಂದ್ರ ಮೂಲಾನ, ಪಾದ ಕೇಳಿ ಯಾರು ಹೆಣ್ಣು ತಗೋತಾರ?" ಅಂದಳು ಅವ್ವ. ಶಾಂತಿ ಮಾಡಿಸಿದಳು. ಆ ಪಾದಕ್ಕೆ ಹೆಸರಿನ ಮೊದಲ ಅಕ್ಷರ ಭೀ ಬಂದದ್ದಕ್ಕೆ ಮಾತ್ರ ಖುಷಿಪಟ್ಟಳು. ಅವಳ ತವರು ಇಂಡಿ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ತೊಟ್ಟಿಲಲ್ಲಿ ಭೀಮವ್ವ ಅಂತಲೇ ಕರೆಸಿದಳು. ಆಮೇಲೆ ನಮಗೆ ಹೇಳದೆ ಸಿದ್ಧೇಶ್ವರನಿಗೆ ಹರಕೆ ಹೊತ್ತಳು: ಮೊಮ್ಮಗಳ ಮದುವೆ ಆಗುವ ತನಕ ಸೋಮವಾರ ಒಪ್ಪತ್ತು. ಸಕ್ಕರೆ ಕಾಯಿಲೆ ಇದ್ದವಳು.

ಮಗಳಿಗೆ ಐದು ತುಂಬಿದಾಗ ಇಲ್ಲೊಬ್ಬ ಪುರೋಹಿತರಿಗೆ ಯಾವುದೋ ಪೂಜೆಗೆ ನಕ್ಷತ್ರ ಬೇಕಾಯಿತು. ಹುಟ್ಟಿದ ತಾರೀಖು, ಹೊತ್ತು, ಊರು ಕೇಳಿ ಕಂಪ್ಯೂಟರಿಗೆ ಹಾಕಿದರು. ಪೂರ್ವಾಷಾಢ ಅಂದರು. ಇಲ್ಲ, ಮೂಲಾ ಅಂದೆ. ಅವರು ಇನ್ನೊಮ್ಮೆ ನೋಡಿ, ನವೆಂಬರ್ ಮೊದಲ ವಾರ ಅಲ್ವಾ, ಗಡಿಯಾರದ ತಾಸು ಸರಿಯಾಗಿ ಹಿಡಿದಿದ್ದೀರಾ ಅಂತ ಕೇಳಿದರು. ನಾನು ಅಲ್ಲೇ ಕುಳಿತುಬಿಟ್ಟೆ. ಮೂಲಾ ಮುಗಿದ ಮೇಲೇ ಅವಳು ಹುಟ್ಟಿದ್ದಳು. ಭೀ ಅಲ್ಲ, ಭೂ.

ಅವತ್ತು ರಾತ್ರಿಯೇ ಅವ್ವನಿಗೆ ಫೋನ್ ಮಾಡಿದೆ. ಊರಲ್ಲಿ ಸೋಮವಾರ ಮುಂಜಾನೆ. ಇನ್ನೂ ಏನೂ ತಿಂದಿರಲಿಲ್ಲ, ಗುಡಿಗೆ ಹೊರಟಿದ್ದಳು. ಐದು ವರ್ಷದ ಸೋಮವಾರ ನನ್ನ ಬಾಯಿತಪ್ಪಿನಿಂದ ಅಂತ ಹೇಗೆ ಹೇಳುವುದು? ಎದುರಿಗೆ ಕೂತು ಹೇಳಿದರೆ ನಗುತ್ತಾಳೆ, ಮುಂದಿನ ಸಂಕ್ರಾಂತಿಗೆ ಹೋದಾಗ ಹೇಳೋಣ ಅಂದುಕೊಂಡೆ. ಆ ಸಂಕ್ರಾಂತಿಗೆ ರಜೆ ಸಿಗಲಿಲ್ಲ. ಅದರ ಮುಂದಿನ ವರ್ಷ ಕೊರೊನಾ, ವಿಮಾನವೇ ಇಲ್ಲ. 2021ರಲ್ಲಿ ಅವ್ವ ಹೋದಳು. ಕೊನೆಯ ವಾರದಲ್ಲೂ ಸೋಮವಾರ ಒಪ್ಪತ್ತು ಬಿಟ್ಟಿರಲಿಲ್ಲ ಅಂತ ತಂಗಿ ಹೇಳಿದಳು. ಒಪ್ಪತ್ತಿನಿಂದಲೇ ಹೋದಳು ಅಂತ ನಾನು ಹೇಳುತ್ತಿಲ್ಲ. ವಯಸ್ಸಾಗಿತ್ತು. ಆದರೂ ಒಂದು ಫೋನಿನ ಮಾತಾಗಿತ್ತು ತಮ್ಮಾ, ಅದನ್ನು ಆಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೂಸು ಹುಟ್ಟಿದಾಗ ನೀನು ಕೂಡುವುದು ಕಳೆಯುವುದು ಏನೂ ಮಾಡಬೇಡ. ಆಸ್ಪತ್ರೆಯ ಕಾಗದದಲ್ಲಿ ಏನು ಬರೆದಿದ್ದಾರೋ ಅದರ ಫೋಟೋ ತೆಗೆದು ಕಳಿಸು. ತಾರೀಖು, ಊರು, ಬೇಸಿಗೆಯ ಗಡಿಯಾರವೋ ಚಳಿಗಾಲದ್ದೋ, ಇಷ್ಟು ಬರೆ. ಮಾರ್ಚ್‌ನ ಎರಡನೇ ಭಾನುವಾರ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಹಿಂದೆ ಬರುವ ರಾತ್ರಿ ಒಂದೂವರೆ ಎರಡು ಸಲ ಬಾರಿಸುತ್ತದೆ, ಆಗ ಹುಟ್ಟಿದರೆ ಯಾವ ಒಂದೂವರೆ ಅಂತ ನರ್ಸಮ್ಮನನ್ನು ಕೇಳಿ ಇಟ್ಟುಕೋ. ಊರಿನ ಜೋಯಿಸರಿಗೆ ಇದು ಹೊಸದಲ್ಲ. ಯುದ್ಧದ ಕಾಲಕ್ಕೆ, 1942ರಿಂದ 1945ರ ತನಕ, ನಮ್ಮಲ್ಲೂ ಗಡಿಯಾರ ಒಂದು ತಾಸು ಮುಂದಿಟ್ಟಿದ್ದರು. ಆಗ ಹುಟ್ಟಿದವರ ಜಾತಕ ಬರೆಯುವಾಗ ಆ ತಾಸನ್ನು ಕಳೆಯಬೇಕು. ಹೇಳಿದರೆ ಸರಿ ಮಾಡಿಕೊಳ್ಳುತ್ತಾರೆ. ಹೇಳಬೇಕಾದವನು ನೀನು. ಹೆರಿಗೆಗೇ ದಿನ ಗೊತ್ತು ಮಾಡಬಹುದಾ ಅಂತ ಡಾಕ್ಟರನ್ನು ಕೇಳಲು ಮಾತ್ರ ಹೋಗಬೇಡ. ಅದು ಅವರಿಗೂ ಕೂಸಿಗೂ ಬಿಟ್ಟದ್ದು.

ನಮ್ಮ ಭೀಮವ್ವನಿಗೆ ಈಗ ಹನ್ನೆರಡು. ಶಾಲೆಯ ಹೆಸರು ಬೇರೆ ಇದೆ, ಕಂಪ್ಯೂಟರ್ ಆಟದಲ್ಲಿ ಮಾತ್ರ ಭೀಮವ್ವ ಅಂತಲೇ ಹಾಕಿಕೊಂಡಿದ್ದಾಳೆ. ಅಜ್ಜಿ ಇಟ್ಟ ಹೆಸರು, ತೆಗೆಯುವುದಿಲ್ಲ ಅನ್ನುತ್ತಾಳೆ. ನಕ್ಷತ್ರದ ಕತೆ ಅವಳಿಗೆ ಇನ್ನೂ ಹೇಳಿಲ್ಲ.

ಶನಿವಾರ ಇಬ್ಬರೂ ಊಟಕ್ಕೆ ಬನ್ನಿ. ರೊಟ್ಟಿ ಮಾಡುತ್ತೇವೆ, ಇಲ್ಲಿನ ಅಂಗಡಿಯ ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ಸ್ವಲ್ಪ ಹರಿಯುತ್ತದೆ, ಸುಧಾರಿಸಿಕೊಳ್ಳಿ. ಹೆರಿಗೆಗೆ ನಿಮ್ಮ ಅವ್ವ ಬರುವುದಾದರೆ ಎರಡು ಕಿಲೋ ಮಾಲದಂಡಿ ಜೋಳದ ಹಿಟ್ಟು ತರಲು ಹೇಳು. ಸಾಧ್ಯವಾದರೆ ಒಂದು ಕ್ಯಾಲೆಂಡರ್ ಕೂಡ.