ಸಿಲ್ ಬದಲಿಸಿದ ಮೇಲೆ ಎಂಜಿಬಿ ರೋಡ್‌ಸ್ಟರ್‌ನ ಬಾಗಿಲು ಏಕೆ ಹೊಂದುತ್ತಿಲ್ಲ?

ನಿಮ್ಮ 1968ರ ತೆರೆದ ಚಾವಣಿಯ ಕಾರು ಎಂಜಿಬಿ ರೋಡ್‌ಸ್ಟರ್‌ಗೆ ಎರಡೂ ಬದಿಯ ಬಾಗಿಲುಗಳ ಕೆಳಗಿನ ಸಿಲ್‌ಗಳನ್ನು ಹೊಸದಾಗಿ ವೆಲ್ಡ್ ಮಾಡಿಸಿದ ನಂತರ, ಬಾಗಿಲಿನ ಹಿಂದಿನ ಸಂದು ಮೇಲ್ಭಾಗದಲ್ಲಿ ಉಗುರು ತೂರದಷ್ಟು ಕಿರಿದಾಗಿ, ಕೆಳಭಾಗದಲ್ಲಿ ಎಂಟು ಮಿಲಿಮೀಟರಿನಷ್ಟು ಅಗಲವಾಗಿದೆಯೆಂದೂ, ಹಿಂಜ್‌ಗಳನ್ನು ಎಷ್ಟು ಸರಿಸಿದರೂ ಹೊಂದಿಕೊಳ್ಳುತ್ತಿಲ್ಲವೆಂದೂ ಬರೆದಿದ್ದೀರಿ. ಹಿಂಜ್‌ಗಳನ್ನು ಮುಟ್ಟುವುದನ್ನು ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ. ನೀವು ಹೇಳಿದ ಲಕ್ಷಣಕ್ಕೆ ಎರಡು ಕಾರಣಗಳಿರಬಹುದು. ಒಂದು ಅರ್ಧ ದಿನದ ಕೆಲಸ, ಇನ್ನೊಂದು ಸಿಲ್‌ಗಳನ್ನು ಮತ್ತೆ ಕತ್ತರಿಸುವ ಕೆಲಸ. ಯಾವುದೆಂದು ತಿಳಿಯುವ ಮೊದಲೇ ಬಾಗಿಲನ್ನು ಸರಿಸುತ್ತಾ ಹೋದರೆ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

ಎಂಜಿಬಿಯ ರಚನೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. 1965ರಲ್ಲಿ ಬಂದ ಜಿಟಿ ಮಾದರಿಗಾದರೂ ಬಿಗಿ ಹಿಡಿಯಲು ತಗಡಿನ ಚಾವಣಿಯಿದೆ, ರೋಡ್‌ಸ್ಟರ್‌ಗೆ ಅದೂ ಇಲ್ಲ. ಆದ್ದರಿಂದ ಮುಂಭಾಗ ಮತ್ತು ಹಿಂಭಾಗಗಳನ್ನು ಒಂದೇ ನೇರದಲ್ಲಿ ಹಿಡಿದಿಡುವ ಹೊಣೆಯ ದೊಡ್ಡ ಪಾಲು ಬಾಗಿಲಿನ ಕೆಳಗಿನ ಸಿಲ್‌ಗಳದ್ದು. ಸಿಲ್ ಎಂದರೆ ಹೊಸ್ತಿಲು; ಈ ಕಾರಿನ ಮಟ್ಟಿಗೆ ಅದು ಹೊಸ್ತಿಲೂ ಹೌದು, ಮನೆಯ ತೊಲೆಯೂ ಹೌದು. ಒಳಗಿನ ತಗಡು, ಹೊರಗಿನ ತಗಡು, ಅವುಗಳ ನಡುವೆ ನಿಲ್ಲಿಸಿದ ಒಂದು ಪದರ, ಕೆಳಗೆ ಕ್ಯಾಸಲ್ ರೈಲ್ ಎಂಬ ಪಟ್ಟಿ, ಇವೆಲ್ಲ ಸೇರಿ ಪೆಟ್ಟಿಗೆಯಂತಾದಾಗ ಮಾತ್ರ ಅದಕ್ಕೆ ಬಲ. ಇದನ್ನು ಕತ್ತರಿಸಿ ತೆಗೆದಾಗ ಬಾಡಿಗೆ ಸರಿಯಾದ ಆಧಾರ ಇಲ್ಲದಿದ್ದರೆ ಅದು ನಡುವಿನಲ್ಲಿ ಜಗ್ಗುತ್ತದೆ, ಹೊಸ ಸಿಲ್ ಆ ಜಗ್ಗಿದ ಸ್ಥಿತಿಯನ್ನೇ ಶಾಶ್ವತವಾಗಿ ಹಿಡಿದಿಡುತ್ತದೆ. ದಾರಂದವೇ ವಾಲಿರುವಾಗ ಬಡಗಿ ಬಾಗಿಲಿನ ಅಂಚನ್ನು ಎಷ್ಟು ಹೆರೆದರೇನು?

ಈಗ ಎರಡು ಕಾರಣಗಳನ್ನು ಬೇರ್ಪಡಿಸುವ ಬಗೆ. ಹಿಂಜ್ ಸವೆದು ಬಾಗಿಲು ಇಳಿದಿದ್ದರೂ ಹಿಂದಿನ ಸಂದು ಮೇಲೆ ಕಿರಿದು, ಕೆಳಗೆ ಅಗಲವಾಗುತ್ತದೆ. ಬಾಡಿ ಜಗ್ಗಿದ್ದರೂ ಹಾಗೆಯೇ ಆಗುತ್ತದೆ. ಹೀಗಾಗಿ ಎಲ್ಲರೂ ದಿಟ್ಟಿಸುವ ಹಿಂದಿನ ಸಂದು ಏನನ್ನೂ ಹೇಳುವುದಿಲ್ಲ, ಹೇಳುವುದು ಮುಂದಿನ ಸಂದು. ಹಿಂಜ್ ಸವೆದಾಗ ಬಾಗಿಲು ಮುಂದಿನ ಕಂಬದ ಲೆಕ್ಕದಲ್ಲಿ ಓರೆಯಾಗುವುದರಿಂದ, ಮುಂದಿನ ಸಂದು ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತದೆ. ಬಾಡಿ ಜಗ್ಗಿದಾಗ ಮುಂದಿನ ಕಂಬವೂ ಅದಕ್ಕೆ ತೂಗಿದ ಬಾಗಿಲೂ ಒಟ್ಟಿಗೇ ಹಿಂದಕ್ಕೆ ವಾಲುತ್ತವೆ, ಆದ್ದರಿಂದ ಮುಂದಿನ ಸಂದು ಒಂದೇ ಸಮನಾಗಿ ಉಳಿಯುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಎರಡು ತೊಡಕುಗಳಿವೆ. ಹಿಂಜ್‌ಗಳನ್ನು ನೀವು ಈಗಾಗಲೇ ಸರಿಸಿದ್ದೀರಿ. ಅವುಗಳ ಸುತ್ತಲಿನ ಹಳೆಯ ಬಣ್ಣದ ಗೆರೆ ನೋಡಿಕೊಂಡು ಮೊದಲಿದ್ದ ಜಾಗಕ್ಕೇ ತನ್ನಿ. ಜೊತೆಗೆ, ಸಿಲ್ ಬದಲಿಸುವಾಗ ಬೋಲ್ಟ್ ಮೇಲೆ ನಿಲ್ಲುವ ಮುಂದಿನ ಫೆಂಡರನ್ನು (ಚಕ್ರದ ಮೇಲಿನ ಹೊರತಗಡನ್ನು) ಬಿಚ್ಚಿ, ಮತ್ತೆ ಬಾಗಿಲಿಗೆ ಒಪ್ಪುವಂತೆ ಕೂರಿಸಿರುತ್ತಾರೆ. ಆದ್ದರಿಂದ ಫೆಂಡರ್ ತೆಗೆದು, ಬಾಗಿಲಿನ ಮುಂದಿನ ಅಂಚಿಗೂ ಕಂಬಕ್ಕೂ ಇರುವ ಅಂತರವನ್ನೇ ಅಳೆಯಿರಿ. (ಫೆಂಡರ್ ಬಿಚ್ಚದೆಯೇ ಸಿಲ್ ಹಾಕಿದ್ದರೆ, ಹೊರಗಿನ ತಗಡಿನ ಗೋಚರಿಸುವ ಭಾಗವನ್ನು ಮಾತ್ರ ಬದಲಿಸಿದ್ದಾರೆ ಎಂದೇ ಅರ್ಥ, ಅದು ದುರಸ್ತಿಯಲ್ಲ, ತೇಪೆ.) ಸಂದುಗಳನ್ನು ಅಳೆಯಲು ನಾನು ಬೇರೆ ಬೇರೆ ದಪ್ಪದ ಡ್ರಿಲ್ ಬಿಟ್‌ಗಳ ನುಣುಪಾದ ತುದಿಯನ್ನು ಬಳಸುತ್ತೇನೆ.

ಇನ್ನೊಂದು ಪರೀಕ್ಷೆ ಜಾಕಿನದು. ನಾಲ್ಕೂ ಚಕ್ರಗಳು ಸಮತಟ್ಟಾದ ನೆಲದ ಮೇಲಿರುವಾಗ ಹಿಂದಿನ ಸಂದನ್ನು ಅಳೆದು ಬರೆದಿಟ್ಟು, ಬಳಿಕ ಸಿಲ್ಲಿನ ನಡುವೆ ಜಾಕ್ ಕೊಟ್ಟು ಕಾರನ್ನು ಎತ್ತಿ ಮತ್ತೆ ಅಳೆಯಿರಿ. ಮೇಲ್ಭಾಗದ ಸಂದು ಕಣ್ಣಿಗೆ ಕಾಣುವಷ್ಟು ತೆರೆದುಕೊಂಡರೆ ಹೊಸ ಸಿಲ್ ಭಾರ ಹೊರುತ್ತಿಲ್ಲ. ಅಳತೆ ಕದಲದೆ ತಪ್ಪಾಗಿಯೇ ಉಳಿದರೆ ಸಿಲ್ ಗಟ್ಟಿಯಾಗಿದೆ, ಆದರೆ ಡೊಂಕಾಗಿ ಗಟ್ಟಿಯಾಗಿದೆ. ನನ್ನ 1971ರ ಕಾರಿಗೆ ಆದದ್ದು ಈ ಎರಡನೆಯದು, ತಪ್ಪು ಪೂರ್ತಿ ನನ್ನದೇ. ಕೈಗೆ ಅಡ್ಡ ಬರುತ್ತವೆಂದು ಬಾಗಿಲುಗಳನ್ನು ಕಳಚಿಟ್ಟು, ಎರಡು ತುದಿಗಳಿಗೆ ಮಾತ್ರ ಸ್ಟ್ಯಾಂಡ್ ಕೊಟ್ಟು ವೆಲ್ಡ್ ಮಾಡಿದ್ದೆ. ವಾರಗಳ ನಂತರ ಬಾಗಿಲು ಕೂರಿಸಿದಾಗ ಅದು ಹಿಂದಿನ ಫೆಂಡರಿನ ಮೂಲೆಗೆ ತಾಗಿ ನಿಂತಿತು.

ಬಾಡಿಯೇ ಕಾರಣವೆಂದು ಖಚಿತವಾದರೆ ಒಮ್ಮೆಗೆ ಒಂದೇ ಬದಿಯ ಸಿಲ್ ಬಿಚ್ಚಿ. ಮುಂದೆ ಕ್ರಾಸ್ ಮೆಂಬರ್ ಎಂಬ ಅಡ್ಡತೊಲೆಯ ಕೆಳಗೂ, ಹಿಂದೆ ಲೀಫ್ ಸ್ಪ್ರಿಂಗ್‌ಗಳ ಮುಂದಿನ ಆಧಾರದ ಬಳಿಯೂ ಸ್ಟ್ಯಾಂಡ್ ಇಟ್ಟು, ನಡುವೆ ಹಲಗೆಯ ಮೂಲಕ ಜಾಕ್ ಕೊಟ್ಟು, ಹಿಂದಿನ ಸಂದು ಮೇಲಿನಿಂದ ಕೆಳಗಿನವರೆಗೆ ಸಮನಾಗುವ ತನಕ ನಿಧಾನವಾಗಿ ಎತ್ತಿ. ಬಾಗಿಲು ಅದರ ಜಾಗದಲ್ಲೇ ಇರಲಿ, ನಿಮ್ಮ ಅಳತೆಗೋಲು ಅದೇ. ಆ ಸ್ಥಿತಿಯಲ್ಲಿ ಮುಂದಿನ ಮತ್ತು ಹಿಂದಿನ ಕಂಬಗಳ ನಡುವೆ, ಬಾಗಿಲಿನ ಒಳಬದಿಯಲ್ಲಿ, ಉದ್ದ ಹೊಂದಿಸಬಹುದಾದ ಒಂದು ಕಬ್ಬಿಣದ ಅಡ್ಡಪಟ್ಟಿಯನ್ನು ಬಿಗಿದು ಆಮೇಲೆ ವೆಲ್ಡ್ ಮಾಡಿ. ಒಂದೇ ಓಟದಲ್ಲಿ ಎಳೆದರೆ ಕಾವಿಗೆ ತಗಡು ಸೆಳೆದುಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು, ಆರಲು ಬಿಟ್ಟು, ನಡುನಡುವೆ ಬಾಗಿಲು ಹಾಕಿ ನೋಡುತ್ತಿರಬೇಕು.

ಬರಿ ಹಿಂಜಿನ ತೊಂದರೆಯಾಗಿದ್ದರೆ ನೀವು ಅದೃಷ್ಟವಂತರು. ಬಾಗಿಲನ್ನು ತೆರೆದು ಹಿಂತುದಿಯನ್ನು ಮೇಲಕ್ಕೆತ್ತಿದಾಗ ಹಿಂಜಿನಲ್ಲಿ ಸಡಿಲ ಕಂಡರೆ ಅದನ್ನು ಬದಲಿಸಿ. ಸ್ಕ್ರೂಗಳು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ, ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗೆಯ ಪೆಟ್ಟಿಗೆ ತಿರುಗುವ ಸ್ಕ್ರೂಡ್ರೈವರ್) ಇಲ್ಲದೆ ಕೈಹಾಕಿ ಸ್ಕ್ರೂಗಳ ತಲೆ ಹಾಳುಮಾಡಬೇಡಿ.

ಹೊಂದಿಸುವ ಕ್ರಮ ಯಾವಾಗಲೂ ಹಿಂದಿನಿಂದ ಮುಂದಕ್ಕೆ. ಹಿಂದಿನ ಫೆಂಡರ್ ವೆಲ್ಡ್ ಆಗಿರುವುದರಿಂದ ಕದಲುವುದಿಲ್ಲ; ಅದಕ್ಕೆ ಬಾಗಿಲು, ಬಾಗಿಲಿಗೆ ಮುಂದಿನ ಫೆಂಡರ್, ಫೆಂಡರಿಗೆ ಬಾನೆಟ್. ಬಾಗಿಲು ಹೊಂದಿಸುವಾಗ ಲಾಕಿನ ಕೊಂಡಿ ಕಚ್ಚುವ ಸ್ಟ್ರೈಕರನ್ನು ಕಳಚಿಡಿ, ಇಲ್ಲದಿದ್ದರೆ ಅದು ಇಳಿದ ಬಾಗಿಲನ್ನು ಎತ್ತಿ ಹಿಡಿದು ನಿಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಸಂದಿಗಿಂತ ಮೊದಲು ನೋಡಬೇಕಾದದ್ದು ಕಾರಿನ ಉದ್ದಕ್ಕೂ ಹೊಳೆಯುವ ಪಟ್ಟಿ ಹಾಯುವ ಗೆರೆ. ಸಂದು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಯಾರೂ ಗಮನಿಸುವುದಿಲ್ಲ, ಗೆರೆ ಮುರಿದರೆ ಹತ್ತು ಅಡಿ ದೂರದಿಂದಲೇ ಕಾಣುತ್ತದೆ. ನಾಲ್ಕು ಮಿಲಿಮೀಟರ್ ಸುತ್ತಮುತ್ತ ಬಂದರೆ ಸಾಕು. ಕಾರ್ಖಾನೆಯಿಂದ ಬಂದಾಗಲೂ ಈ ಕಾರುಗಳ ಸಂದುಗಳು ಕೂದಲೆಳೆಯಷ್ಟು ಕರಾರುವಾಕ್ಕಾಗಿರಲಿಲ್ಲ. ಬಾಗಿಲಿನ ಕೆಳಮೂಲೆ ಹೊರಚಾಚಿದ್ದರೆ, ಮೇಲ್ಮೂಲೆಯಲ್ಲಿ ಮರದ ತುಂಡು ಸಿಕ್ಕಿಸಿ ಕೆಳಗೆ ಅಂಗೈಯಿಂದ ಒತ್ತಿ ತಿರುಚುವುದು ಹಳೆಯ ಟಿಂಕರ್‌ಗಳ ಉಪಾಯ. ಒಂದೇ ಸಲಕ್ಕೆ ಬಲ ಹಾಕದೆ ಸ್ವಲ್ಪಸ್ವಲ್ಪವೇ ಒತ್ತಿ. ಅಂಚಿನಲ್ಲಿ ಪುಟ್ಟಿ ಮೆತ್ತಿ ಸಂದು ಕಿರಿದಾಗಿಸಬೇಡಿ, ಅದು ಬಾಗಿಲು ಬಡಿದಾಗ ಚಕ್ಕೆ ಏಳುತ್ತದೆ. ಬೇಕಿದ್ದರೆ ಅಂಚಿಗೆ ವೆಲ್ಡ್ ತುಂಬಿ ಅರದಿಂದ ತೀಡಿಸಿ.

ಬಣ್ಣ ಹಚ್ಚುವ ಮೊದಲು ವಿಂಡ್‌ಸ್ಕ್ರೀನ್ ಮತ್ತು ಬಾಗಿಲಿನ ಹೊಸ ರಬ್ಬರನ್ನು ಒಮ್ಮೆ ತಾತ್ಕಾಲಿಕವಾಗಿ ಕೂರಿಸಿ ನೋಡಿ. ಕೆಲವು ಹೊಸ ರಬ್ಬರ್‌ಗಳು ದಪ್ಪವಾಗಿದ್ದು ಬಾಗಿಲಿನ ಹಿಂತುದಿಯನ್ನು ಹೊರಕ್ಕೆ ತಳ್ಳುತ್ತವೆ, ಆಗ ತಪ್ಪು ಹಿಂಜಿನದೆಂದು ಭಾವಿಸಿ ಮತ್ತೆ ಮೊದಲಿನಿಂದ ಶುರುಮಾಡಿಬಿಡುತ್ತೀರಿ. ಫೆಂಡರ್ ಬಿಚ್ಚಿ ಮುಂದಿನ ಅಂತರವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಜಾಕ್ ಕೊಡುವ ಮೊದಲಿನ ಮತ್ತು ನಂತರದ ಹಿಂದಿನ ಸಂದಿನ ಅಳತೆಗಳನ್ನೂ ಇಲ್ಲಿ ಬರೆದರೆ, ಸಿಲ್ ಕತ್ತರಿಸುವ ಅಗತ್ಯವಿದೆಯೇ ಇಲ್ಲವೇ ಎಂದು ಹೇಳಬಲ್ಲೆ.