ವಿಮೆ ಕಂಪನಿಯಿಂದ ನನ್ನ ಆಧಾರ್, ಪ್ಯಾನ್ ಲೀಕ್ ಆಗಿದೆ. ಈಗ ಏನು ಮಾಡಲಿ?

ನಿಮ್ಮ ಪ್ರಶ್ನೆ ಹೀಗಿದೆ: ಆರೋಗ್ಯ ವಿಮೆ ಮಾಡಿಸಿದ ಕಂಪನಿಯಿಂದ ಡೇಟಾ ಲೀಕ್ ಆಗಿದೆ ಅಂತ ಇಮೇಲ್ ಬಂದಿದೆ. ಆಧಾರ್, ಪ್ಯಾನ್, ಆಸ್ಪತ್ರೆ ಬಿಲ್ಲು ಎಲ್ಲವೂ ಅವರ ಹತ್ತಿರ ಇತ್ತು. ನಂಬರ್ ಬದಲಾಯಿಸಿಕೊಳ್ಳಬಹುದಾ, ಯಾರಾದರೂ ನಿಮ್ಮ ಹೆಸರಲ್ಲಿ ಸಾಲ ತೆಗೆದರೆ ಏನು ಗತಿ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಟ್ಯಾಕ್ಸ್ ರಿಟರ್ನ್ಸ್, ಜಿಎಸ್‌ಟಿ ಕೆಲಸ ಮಾಡುವವನು. ಯಾರೋ ತೆಗೆದ ಸಾಲ ತಮ್ಮ ಹೆಸರಿಗೆ ಅಂಟಿಕೊಂಡಿದೆ ಅಂತ ಬರುವವರನ್ನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಲೀಕ್ ಆಯಿತು ಅಂತ ಹೊಸ ಆಧಾರ್ ನಂಬರ್ ಕೊಡುವ ಪದ್ಧತಿ ಇಲ್ಲ. ಹೊಸ ಪ್ಯಾನ್ ಮಾಡಿಸಲು ಅಂತೂ ಹೋಗಲೇಬೇಡಿ. ಒಬ್ಬರ ಹತ್ತಿರ ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡ ಬೀಳಬಹುದು. ಪಾಸ್‌ವರ್ಡ್ ಆದರೆ ಐದು ನಿಮಿಷದಲ್ಲಿ ಬದಲಾಯಿಸಬಹುದು, ಹುಟ್ಟಿದ ದಿನಾಂಕ ಬದಲಾಗುತ್ತದಾ? ಹಾಗಾಗಿ ಹೋದ ಮಾಹಿತಿಯನ್ನು ವಾಪಸ್ ತರುವ ಯೋಚನೆ ಬಿಟ್ಟುಬಿಡಿ. "ಡಾರ್ಕ್ ವೆಬ್‌ನಿಂದ ಅಳಿಸಿಕೊಡುತ್ತೇವೆ, ಇಷ್ಟು ಫೀಸು" ಅನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. 2020ರಲ್ಲಿ ಆನ್‌ಲೈನ್‌ನಲ್ಲಿ ದಿನಸಿ ಮಾರುವ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಮಾರಾಟಕ್ಕೆ ಬಂದಿತ್ತು. 2021ರ ಏಪ್ರಿಲ್ ಹೊತ್ತಿಗೆ ಅದನ್ನೇ ಪುಕ್ಕಟೆಯಾಗಿ ಹಂಚಿಬಿಟ್ಟರು. 2024ರಲ್ಲಿ ಸ್ಟಾರ್ ಹೆಲ್ತ್ ವಿಮೆ ಕಂಪನಿಯ ಗ್ರಾಹಕರ ಪಾಲಿಸಿ, ಕ್ಲೇಮ್ ಕಾಗದಗಳು ಟೆಲಿಗ್ರಾಂ ಬಾಟ್‌ನಲ್ಲಿ (ಕೇಳಿದ್ದಕ್ಕೆ ತಾನಾಗಿಯೇ ಉತ್ತರ ಕೊಡುವ ಪ್ರೋಗ್ರಾಂ) ಕೇಳಿದವರಿಗೆಲ್ಲ ಸಿಗುತ್ತಿದ್ದವು. ಒಂದು ಬಾಟ್ ಮುಚ್ಚಿಸಿದರೆ ಇನ್ನೊಂದು ಹುಟ್ಟುತ್ತಿತ್ತು. ಕಂಪನಿ ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಅವರಿಗೇ ಆಗದ್ದು ಐದು ಸಾವಿರ ಫೀಸಿಗೆ ಆಗುತ್ತದಾ?

ಇನ್ನು ಮೇಲೆ ನೀವು ಕಾಯಬೇಕಾದದ್ದು ಆ ಮಾಹಿತಿ ಚಲಾವಣೆಯಾಗುವ ಜಾಗಗಳನ್ನು. ಸಾಲ ಕೊಡುವ ಕಡೆ, ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಕಡೆ, ಸಿಮ್ ಕೊಡುವ ಕಡೆ.

ಸಾಲದ ಕಡೆಯಿಂದ ಶುರು ಮಾಡೋಣ. ಪ್ಯಾನ್ ನಂಬರ್, ಹುಟ್ಟಿದ ದಿನಾಂಕ, ವಿಳಾಸ ಇದ್ದರೆ ಆ್ಯಪ್‌ನಲ್ಲಿ ಚಿಕ್ಕ ಸಾಲ ಹೊರಡಿಸುವವರಿದ್ದಾರೆ. 2022ರ ಫೆಬ್ರವರಿಯಲ್ಲಿ ನಟಿ ಸನ್ನಿ ಲಿಯೋನ್ ತಮ್ಮ ಪ್ಯಾನ್ ಮೇಲೆ ಯಾರೋ 2,000 ರೂಪಾಯಿ ಸಾಲ ತೆಗೆದಿದ್ದಾರೆ ಅಂತ ಟ್ವೀಟ್ ಮಾಡಿದ್ದು ನೆನಪಿರಬಹುದು. ಮೊತ್ತ ಚಿಕ್ಕದು ಅಂತ ನಗಬೇಡಿ. ಎರಡು ಸಾವಿರದ ಸಾಲ ಕಟ್ಟದೆ ಬಿದ್ದರೂ ನಾಳೆ ನಿಮ್ಮ ಮನೆ ಸಾಲಕ್ಕೆ ಅಡ್ಡ ಬರುತ್ತದೆ.

ನಮ್ಮಲ್ಲಿ ಸಾಲದ ಲೆಕ್ಕ ಇಡುವ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಈಗಲೇ ಒಂದು ತೆಗೆಯಿರಿ. ಆಮೇಲೆ ಮೂರು ತಿಂಗಳಿಗೊಮ್ಮೆ ಇನ್ನೊಂದರಿಂದ ತೆಗೆದರೆ ದುಡ್ಡು ಕೊಡದೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು. ಅವರ ಜಾಲತಾಣದಲ್ಲಿ ತಿಂಗಳ ಚಂದಾ ತೋರಿಸಿ ಸುಮ್ನೆ ಗೊಂದಲ ಮಾಡುತ್ತಾರೆ. ಪುಕ್ಕಟೆ ವರದಿಯ ಲಿಂಕ್ ಹುಡುಕಿಕೊಂಡು ಹೋಗಿ. ಆ್ಯಪ್‌ಗಳಲ್ಲಿ ಬರುವ ಬರೀ ಸ್ಕೋರು ಸಾಲದು, ಪೂರ್ತಿ ವರದಿ ಬೇಕು.

ವರದಿ ಸಿಕ್ಕಿದ ಮೇಲೆ ಎಲ್ಲರೂ ಮೊದಲು ಸ್ಕೋರು ನೋಡುತ್ತಾರೆ. ನೀವು ಕೊನೆಯಲ್ಲಿರುವ ಎನ್‌ಕ್ವೈರಿ ಭಾಗಕ್ಕೆ ಹೋಗಿ. ನಿಮ್ಮ ಹೆಸರಲ್ಲಿ ಯಾವ ಬ್ಯಾಂಕು, ಯಾವ ಫೈನಾನ್ಸ್ ಕಂಪನಿ ಯಾವತ್ತು ವಿಚಾರಿಸಿದೆ ಅಂತ ಅಲ್ಲಿರುತ್ತದೆ. ನೀವು ಅರ್ಜಿಯನ್ನೇ ಹಾಕದ ಕಂಪನಿ ಅಲ್ಲಿ ಕಂಡರೆ ಯಾರೋ ಪ್ರಯತ್ನ ಮಾಡಿದ್ದಾರೆ ಅಂತ ಅರ್ಥ. ಸಾಲ ಮಂಜೂರಾಗುವ ಮೊದಲೇ ಸಿಗುವ ಸುಳಿವು ಇದು. ಆಮೇಲೆ ವಿಳಾಸ, ಫೋನ್ ನಂಬರ್ ನೋಡಿ. ನಿಮ್ಮದಲ್ಲದ ಫೋನ್ ನಂಬರ್ ಸೇರಿಕೊಂಡಿದ್ದರೆ ಅದೂ ಕೆಟ್ಟ ಸೂಚನೆಯೇ. ವರದಿಯನ್ನು ಯಾರಾದರೂ ತೆರೆದರೆ ನಿಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕು ಅಂತಲೂ ನಿಯಮ ಇದೆ. ಅದು ಬರಬೇಕಾದರೆ ಬ್ಯಾಂಕಿನಲ್ಲಿ ನಿಮ್ಮ ಈಗಿನ ನಂಬರ್ ಇರಬೇಕು, ಅಲ್ವಾ.

ನಿಮ್ಮದಲ್ಲದ ಸಾಲ ಕಂಡೇಬಿಟ್ಟರೆ? ನನ್ನ ಹತ್ತಿರ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರಿಗೆ ಹಾಗೇ ಆಗಿತ್ತು. ವಸೂಲಿಯವನು ದಿನಾ ಫೋನ್ ಮಾಡಿ, "ಅರ್ಧ ಕಟ್ಟಿ ಸಾರ್, ಸೆಟಲ್ ಮಾಡಿಬಿಡೋಣ" ಅನ್ನುತ್ತಿದ್ದ. ಮರ್ಯಾದೆಗೆ ಹೆದರಿ ಮೇಷ್ಟ್ರು ಕಟ್ಟಿಯೇಬಿಡುವವರಿದ್ದರು. ಕಟ್ಟಬೇಡಿ ಅಂದೆ. ಒಂದು ರೂಪಾಯಿ ಕಟ್ಟಿದರೂ ಸಾಲ ನನ್ನದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಮೇಲಾಗಿ ವರದಿಯಲ್ಲಿ 'ಸೆಟಲ್ಡ್' ಅಂತ ಕೂತರೆ ಬ್ಯಾಂಕಿನವರ ಕಣ್ಣಿಗೆ ಅದೂ ಕಳಂಕವೇ. ಮೊದಲು ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಹಾಕಿ, ನಂಬರ್ ಇರುವ ಸ್ವೀಕೃತಿ ತೆಗೆದುಕೊಳ್ಳಬೇಕು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ನೇರವಾಗಿಯೂ ಹೋಗಬಹುದು. ಆ ಪ್ರತಿ ಇಟ್ಟು ಸಾಲ ಕೊಟ್ಟ ಕಂಪನಿಗೂ ಸಿಬಿಲ್‌ನಂಥ ಕಂಪನಿಗೂ ಒಟ್ಟಿಗೆ ಬರೆಯಬೇಕು. "ಸಾಲದ ಹಣ ಯಾವ ಖಾತೆಗೆ ಹೋಗಿದೆ ತೋರಿಸಿ" ಅಂತ ಕೇಳಿ. ಹಣ ನಿಮ್ಮ ಖಾತೆಗೆ ಬಂದೇ ಇಲ್ಲ ಅನ್ನುವುದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ವಿಮೆ ಕಂಪನಿಯ ಇಮೇಲ್ ಅನ್ನೂ ಅದಕ್ಕೆ ಲಗತ್ತಿಸಿ.

ಇದಕ್ಕೆ ಅವರಿಗೆ 30 ದಿನದ ಗಡುವು. 2024ರ ಏಪ್ರಿಲ್‌ನಿಂದ ಗಡುವು ದಾಟಿದ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಪತ್ರದಲ್ಲಿ ಈ ನಿಯಮದ ಪ್ರಸ್ತಾಪ ಇದ್ದರೆ ಉತ್ತರ ಬೇಗ ಬರುತ್ತದೆ, ನಾನು ಕಂಡ ಮಟ್ಟಿಗೆ. ಆದರೂ ಬಗ್ಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ವಿಚಾರಿಸಲು ಫೋನ್ 14448.

ಅಮೆರಿಕದಲ್ಲಿರುವ ನೆಂಟರು "ಕ್ರೆಡಿಟ್ ಫ್ರೀಜ್ ಮಾಡಿಬಿಡು" ಅಂತ ಹೇಳಬಹುದು. ಅಂದರೆ ಹೊಸ ಸಾಲಕ್ಕಾಗಿ ನಿಮ್ಮ ವರದಿಯನ್ನು ಯಾರೂ ತೆರೆಯದ ಹಾಗೆ ಬೀಗ ಹಾಕಿಸುವುದು. 2017ರಲ್ಲಿ ಅಲ್ಲಿ ಈಕ್ವಿಫ್ಯಾಕ್ಸ್‌ನಿಂದ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಹೋದ ಮೇಲೆ, 2018ರಿಂದ ಆ ಫ್ರೀಜ್ ಎಲ್ಲರಿಗೂ ಉಚಿತ. ಇಲ್ಲಿ ನಮಗೆ ಕಾನೂನು ಅಂಥ ಹಕ್ಕು ಕೊಟ್ಟಿಲ್ಲ. ಕೊಡಬೇಕಿತ್ತು. ಅಲ್ಲಿಯವರೆಗೆ ನಾವೇ ಕಣ್ಣಿಟ್ಟು ಕೂರಬೇಕು.

ಈಗ ಆಧಾರ್. ಬರೀ ನಂಬರ್ ಹೋಗಿದ್ದಕ್ಕೆ ಜಾಸ್ತಿ ಹೆದರಬೇಕಿಲ್ಲ. ಅದಕ್ಕೆ ಬೆರಳಚ್ಚು ಸೇರಿದಾಗ ಅಪಾಯ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಓಟಿಪಿ ಬರದೆಯೇ ಹಣ ಹೋಯಿತು. ಕ್ರಯಪತ್ರದಲ್ಲಿದ್ದ ಆಧಾರ್ ನಂಬರ್ ಮತ್ತು ಹೆಬ್ಬೆಟ್ಟಿನ ಗುರುತು ಎತ್ತಿಕೊಂಡು, ಬೆರಳಿನ ನಕಲು ಮಾಡಿ ಎಇಪಿಎಸ್ ಮೂಲಕ ಹಣ ತೆಗೆದಿದ್ದರು. ಊರಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಬೆರಳು ಇಟ್ಟು ಹಣ ತೆಗೆಯುತ್ತೇವಲ್ಲ, ಅದೇ ವ್ಯವಸ್ಥೆ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ಇದನ್ನು ತಡೆಯುವುದು ಸುಲಭ. ಆಧಾರ್‌ನ ಅಧಿಕೃತ ಆ್ಯಪ್ ಅಥವಾ ಮೈಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ಓಟಿಪಿ ಕೆಲಸಗಳು ಎಂದಿನಂತೆ ನಡೆಯುತ್ತವೆ, ಬೆರಳು, ಕಣ್ಣು, ಮುಖದ ಗುರುತು ಮಾತ್ರ ನಡೆಯುವುದಿಲ್ಲ. ಸಿಮ್ ಕೊಳ್ಳುವಾಗಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ಬೆರಳು ಬೇಕಾದರೆ ಫೋನಿನಲ್ಲೇ ಸ್ವಲ್ಪ ಹೊತ್ತಿಗೆ ತೆಗೆದುಕೊಳ್ಳಬಹುದು. ಆದರೆ ಊರಿನಲ್ಲಿರುವ ಅಮ್ಮ ಪಿಂಚಣಿಯನ್ನೋ ಗೃಹಲಕ್ಷ್ಮಿ ಹಣವನ್ನೋ ಬೆರಳು ಇಟ್ಟೇ ತೆಗೆಯುವವರಾದರೆ ಅವರದ್ದನ್ನು ಕೇಳದೆ ಲಾಕ್ ಮಾಡಬೇಡಿ. ರೇಷನ್ ಅಂಗಡಿಯಲ್ಲಿ ಬೆರಳು ಹಿಡಿಯದೆ ಅವರು ಪೇಚಾಡುತ್ತಾರೆ, ಬೈಗುಳ ನಿಮಗೆ. ಅದೇ ಜಾಲತಾಣದಲ್ಲಿ ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತಲೂ ನೋಡಬಹುದು. ಗುರುತಿಲ್ಲದ್ದು ಕಂಡರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ಇನ್ನು ಸಿಮ್. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿರುವ ಸಿಮ್‌ಗಳ ಪಟ್ಟಿ ಇದೆ. ನಿಮ್ಮದಲ್ಲದ್ದನ್ನು ಅಲ್ಲೇ ನಿಲ್ಲಿಸಲು ಹೇಳಬಹುದು. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ಆ ಪ್ಯಾನ್ ಮೇಲೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಆಗಿದೆ ಅಂತ ಬರುತ್ತದೆ. ಸಂಬಳದ ಮೇಲೆ ಬದುಕುವವರ ಪ್ಯಾನ್‌ಗೆ ಯಾವುದೋ ರಾಜ್ಯದಲ್ಲಿ ಅಂಗಡಿಯೇ ಇಲ್ಲದ ವ್ಯಾಪಾರ ಅಂಟಿಸಿ ನಕಲಿ ಬಿಲ್ ಮಾಡುವವರಿದ್ದಾರೆ. ರಿಟರ್ನ್ಸ್ ಹಾಕುವಾಗ ಎಐಎಸ್ ಕೂಡ (ನಿಮ್ಮ ಪ್ಯಾನ್ ಮೇಲೆ ಆದ ಆದಾಯ, ವ್ಯವಹಾರಗಳ ಬಗ್ಗೆ ತೆರಿಗೆ ಇಲಾಖೆ ಇಟ್ಟಿರುವ ಪಟ್ಟಿ) ಪೂರ್ತಿ ಓದಿ.

ಇಷ್ಟೆಲ್ಲ ಮಾಡಿದರೂ ನಿಮ್ಮಂಥ ಲೀಕ್‌ನಲ್ಲಿ ನನಗೆ ಜಾಸ್ತಿ ಭಯ ಇರುವುದು ಫೋನ್ ಕರೆಗಳ ಬಗ್ಗೆ. ಫೋನ್ ಮಾಡಿದವನಿಗೆ ನಿಮ್ಮ ಪಾಲಿಸಿ ನಂಬರ್ ಗೊತ್ತಿರುತ್ತದೆ, ಹೋದ ವರ್ಷ ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಆಯಿತು ಗೊತ್ತಿರುತ್ತದೆ. "ಕ್ಲೇಮ್‌ನಲ್ಲಿ ಇನ್ನೂ ಹದಿನೆಂಟು ಸಾವಿರ ಬಾಕಿ ಬರಬೇಕು, ಈ ಫೈಲ್ ತೆರೆಯಿರಿ" ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ, ಅಂದರೆ ತೆರೆದರೆ ಫೋನಿಗೆ ಆ್ಯಪ್ ಹಾಕಿಬಿಡುವ ಫೈಲ್, ಕಳಿಸುತ್ತಾನೆ. ಇಷ್ಟೆಲ್ಲ ಗೊತ್ತಿದೆ ಅಂದ ಮೇಲೆ ಕಂಪನಿಯವನೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಲೀಕ್ ಆದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಎಷ್ಟು ವಿವರ ಹೇಳಿದರೂ ಫೋನ್ ಇಟ್ಟು, ಪಾಲಿಸಿ ಕಾಗದದಲ್ಲಿರುವ ನಂಬರ್‌ಗೆ ನೀವೇ ಮಾಡಿ.

ಹಣ ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಸೋರಿದೆ ಅಂದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ಇದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. 4ರಿಂದ 7 ಕೆಲಸದ ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರು 10,000ದವರೆಗೆ ಹೊರಬೇಕಾಗಬಹುದು. ಓಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಮುಂದೆ ಯಾರಾದರೂ ಆಧಾರ್ ಜೆರಾಕ್ಸ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೊಟ್ಟು ನೋಡಿ. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಕಚೇರಿಯೇ ಹೀಗೆ ಮಾಡಿ ಅಂತ ಪ್ರಕಟಣೆ ಕೊಟ್ಟಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು, ಜನ ಗಾಬರಿಯಾಗುತ್ತಾರೆ ಅನಿಸಿತೇನೋ. ಸಲಹೆ ಮಾತ್ರ ಒಳ್ಳೆಯದೇ ಇತ್ತು.

ನಿಮ್ಮದು ಇಡೀ ಮನೆಯವರಿಗೆ ಸೇರಿಸಿ ಮಾಡಿಸಿದ ಪಾಲಿಸಿ ಆಗಿದ್ದರೆ ಹೆಂಡತಿ ಅಥವಾ ಗಂಡ, ಅಪ್ಪ, ಅಮ್ಮನ ಕಾಗದಗಳೂ ಅದೇ ಲೀಕ್‌ನಲ್ಲಿ ಹೋಗಿರುತ್ತವೆ. ಅವರ ಕ್ರೆಡಿಟ್ ವರದಿಯನ್ನೂ ಈ ವಾರವೇ ತೆಗೆಸಿ.